ಸಾವಯವದ ಬುಟ್ಟಿಯೂ ಬಚ್ಚಲಿನ ಬಕೆಟ್ಟೂ

ಸೋಮವಾರಪೇಟೆ ಕಡೆಯ ಕಾಫಿ ತೋಟದ ಮನೆಯಿಂದ ಬಂದ ಈ ಪತ್ರವನ್ನು ಮೂರು ಸಲ ಓದಿದೆ. ಬರೆದವರಿಗೆ ಈಗ ನಾಲ್ಕು ತಿಂಗಳು, ಚೊಚ್ಚಲ ಬಸಿರು. ಗಂಡನ ಅಕ್ಕ ಮೈಸೂರಿನಿಂದ ಪ್ರತಿ ತಿಂಗಳೂ ಸಾವಯವ ಅಕ್ಕಿ, ಬೇಳೆ, ಸೇಬು, ಬೆಣ್ಣೆಹಣ್ಣು ಕಳುಹಿಸುತ್ತಾರೆ. ಅದರ 4,500 ರೂಪಾಯಿಯನ್ನು ಗಂಡ ಭರಿಸುತ್ತಾರೆ. ಹಿತ್ತಲಿನ ಸೊಪ್ಪು ತಿಂದೇ ಮೂವರನ್ನು ಹೆತ್ತೆನೆಂದು ಅತ್ತೆ ಮುನಿಸಿಕೊಂಡಿದ್ದಾರೆ. ಯಾರ ಮಾತು ಕೇಳಲಿ ಎಂಬುದು ಪ್ರಶ್ನೆ.

ಊಟದ ವಿಷಯದಲ್ಲಿ ನಾನು ಅತ್ತೆಯ ಪಕ್ಷ. ಸಾವಯವ ಬೆಳೆಯಲ್ಲಿ ಕೀಟನಾಶಕದ ಉಳಿಕೆ ಕಡಿಮೆ ಇರುತ್ತದೆ ಎಂಬುದು ನಿಜ; ಆದರೆ ಬಸುರಿಗೆ ಬೇಕಾದ ಕಬ್ಬಿಣ, ಪ್ರೋಟೀನ್, ಫೋಲೇಟ್‌ಗಳು ಹಿತ್ತಲಿನ ನುಗ್ಗೆಸೊಪ್ಪು, ಹರಿವೆ, ಮನೆಯ ಕೋಳಿಯ ಮೊಟ್ಟೆ, ಬೇಳೆಗಳಲ್ಲಿ ಧಾರಾಳವಾಗಿ ಸಿಗುತ್ತವೆ. ನಿಮ್ಮದೇ ತೋಟದ ಬೆಣ್ಣೆಹಣ್ಣು ಮರದಡಿ ಬಿದ್ದು ಕೊಳೆಯುತ್ತಿದೆ ಎಂದು ನೀವೇ ಬರೆದಿದ್ದೀರಿ. ಮದ್ದು ಹೊಡೆದ ಗಿಡಗಳ ಅಂಚಿನ ಸೊಪ್ಪನ್ನು ಮಾತ್ರ ಬಿಟ್ಟು, ಉಳಿದದ್ದನ್ನು ಹರಿಯುವ ನೀರಿನಲ್ಲಿ ತೊಳೆದು ತಿನ್ನಿ. ಆದರೆ ಯಾವ ಆಹಾರವೂ ಆಸ್ಪತ್ರೆಯಲ್ಲಿ ಕೊಡುವ ಮಾತ್ರೆಗೆ ಬದಲಿಯಲ್ಲ: 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲದ ಆ ಮಾತ್ರೆಯನ್ನು 180 ದಿನ ನುಂಗಲೇಬೇಕು, ಅದೂ ಕಾಫಿಯ ಜೊತೆಗಲ್ಲ.

ಆದರೆ ನನ್ನನ್ನು ಕಾಡಿದ್ದು ಪತ್ರದ ಕೊನೆಯ ಸಾಲು. ಅತ್ತೆಗೆ ಕೈ ನೋವು ಬಂದಾಗಿನಿಂದ ಮನೆಯವರ ಬಟ್ಟೆಯನ್ನೆಲ್ಲ ನೀವೇ ಒಗೆಯುತ್ತಿದ್ದೀರಿ. ಕಾಫಿ ಗಿಡದ ಕಾಂಡಕೊರಕ ಹುಳುವಿಗೆ ಮದ್ದು ಹೊಡೆದು ಬಂದ ದಿನ ಗಂಡನ ಅಂಗಿಯನ್ನು ಬಕೆಟ್ಟಿಗೆ ಹಾಕುತ್ತಿದ್ದಂತೆ ವಾಕರಿಕೆ ಬಂದು, ಸಾವಯವ ಊಟವೂ ರುಚಿಸುವುದಿಲ್ಲ ಎಂದು ಸಹಜವೆಂಬಂತೆ ಬರೆದಿದ್ದೀರಿ. ಅದು ಬಸಿರಿನ ವಾಕರಿಕೆಯೇ ಆಗಿರಬಹುದು, ಆಗಿರದೆಯೂ ಇರಬಹುದು. ಯಾವ ಮದ್ದೆಂದು ನೀವು ತಿಳಿಸಿಲ್ಲ. ಕಾಫಿಯಲ್ಲಿ ಬಹುಕಾಲ ಬಳಸಿರುವ ಕ್ಲೋರ್‌ಪೈರಿಫಾಸ್‌ನಂಥವು ಕೀಟದ ನರಗಳನ್ನು ಕೆಡಿಸಿಯೇ ಕೊಲ್ಲುತ್ತವೆ; ಒದ್ದೆ ಬಟ್ಟೆಯಿಂದ ಚರ್ಮದೊಳಗೆ ಇಳಿಯುತ್ತವೆ, ಮಾಸನ್ನು (ಪ್ಲಸೆಂಟಾ) ದಾಟಿ ಮಗುವನ್ನೂ ಮುಟ್ಟುತ್ತವೆ. ಡಬ್ಬಿಯ ಮೇಲಿನ ತ್ರಿಕೋನದ ಬಣ್ಣ ನೋಡಿ: ಕೆಂಪು ಅತಿ ತೀವ್ರ ವಿಷ, ಹಳದಿ ಅದರ ನಂತರದ್ದು.

ಇಲ್ಲಿ ನನಗೆ ಬೇಸರವಾಗಿರುವುದು ಗಂಡನ ಅಕ್ಕನ ಮೇಲೆ. ಅವರು ಹುಟ್ಟಿ ಬೆಳೆದದ್ದು ಅದೇ ಮನೆಯಲ್ಲಿ; ಮದ್ದು ಹೊಡೆಯುವ ತಿಂಗಳು ಅವರಿಗೆ ಗೊತ್ತು, ಹೆಗಲ ಮೇಲಿನ ಪಂಪ್ ಸೋರುವುದೂ ಗೊತ್ತು. ಸೇಬಿನ ಸಿಪ್ಪೆಯ ಮೇಲಿನ ವಿಷಕ್ಕೆ ಅಷ್ಟು ಹೆದರುವವರು, ತಮ್ಮನ ಅಂಗಿಯನ್ನು ಯಾರು ಒಗೆಯುತ್ತಾರೆಂದು ಫೋನಿನಲ್ಲಿ ಒಂದು ಸಲ ಕೇಳಬಹುದಿತ್ತು. ಬಸುರಿಯ ಬಗೆಗಿನ ಕಾಳಜಿ ತಟ್ಟೆಗಷ್ಟೇ ಸೀಮಿತವಾಗಬಾರದೆಂದು ಈ ಅಂಕಣದಲ್ಲಿ ಹಿಂದೆಯೂ ಬರೆದಿದ್ದೇನೆ, ಇನ್ನು ಮುಂದೆಯೂ ಬರೆಯುತ್ತೇನೆ. ಅಂಗಿಯ ಮದ್ದು ನಿಮ್ಮನ್ನೂ ಮುಟ್ಟುತ್ತದೆಂಬುದು ನಿಮ್ಮ ಗಂಡನಿಗೆ ತಿಳಿದಿರಲಾರದು. ಆ ಡಬ್ಬಿ ಮಾರಿದವರೂ ಹೇಳಿರಲಾರರು.

ಆದ್ದರಿಂದ ನನ್ನದು ಒಂದೇ ಸೂಚನೆ: ಮದ್ದಿನ ಬಟ್ಟೆಯನ್ನು ಇವತ್ತಿನಿಂದ ನೀವು ಮುಟ್ಟಬೇಡಿ. ನಿಮ್ಮ ಗಂಡ ಅದನ್ನು ಅಂಗಳದಲ್ಲೇ ಕಳಚಿ, ಕೈಗವಸು ಹಾಕಿಕೊಂಡು, ಬೇರೆ ಬಕೆಟ್ಟಿನಲ್ಲಿ, ಮನೆಯವರ ಬಟ್ಟೆಯ ಜೊತೆ ಸೇರಿಸದೆ ತಾವೇ ಒಗೆಯಲಿ, ಸ್ನಾನ ಮಾಡಿದ ಮೇಲೆಯೇ ನಿಮ್ಮ ಹತ್ತಿರ ಬರಲಿ. ಆ ನೀರು ಬಾವಿಯ ಕಡೆಗಾಗಲಿ ತೋಡಿಗಾಗಲಿ ಹರಿಯದಿರಲಿ. ಡಬ್ಬಿಯ ಚೀಟಿಯ ಫೋಟೋ ತೆಗೆದುಕೊಂಡು, ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರತಿ ತಿಂಗಳ 9ರಂದು ಗರ್ಭಿಣಿಯರಿಗಾಗಿ ನಡೆಯುವ ಉಚಿತ ತಪಾಸಣೆಗೆ ಹೋಗಿ ವೈದ್ಯರಿಗೆ ತೋರಿಸಿ. ವಾಕರಿಕೆಯ ಜೊತೆ ತಲೆನೋವು, ಅತಿಯಾದ ಬೆವರು, ಬಾಯಲ್ಲಿ ಜೊಲ್ಲು ಕಂಡರೆ 9ನೇ ತಾರೀಖಿಗೆ ಕಾಯದೆ ಅಂದೇ ಹೊರಡಿ. ಗಂಡನಿಗೆ ಹೇಳಲು ಸಂಕೋಚವಾದರೆ ಈ ಪುಟವನ್ನು ಅವರ ಕೈಗೆ ಕೊಡಿ, ಓದಿ ಮುಗಿಸುವವರೆಗೆ ಪಕ್ಕದಲ್ಲೇ ಕುಳಿತಿರಿ.