ಪ್ರಾಣ ಉಳಿಸಿಕೊಳ್ಳಲು ಹೊಡೆದರೂ ಕೊಲೆಯೇ?

ಪ್ರಶ್ನೆ: 2024ರ ನವೆಂಬರ್‌ನಲ್ಲಿ ಬದುವಿನ ವಿಚಾರಕ್ಕೆ ಜಗಳ ತೆಗೆದ ಪಕ್ಕದ ಜಮೀನಿನವರು ನನ್ನ ತಮ್ಮನ ಮೇಲೆ ಮಚ್ಚು ಬೀಸಿದರು. ಎಡ ಮುಂಗೈ ಸೀಳಿದಾಗ ಅವನು ಗುದ್ದಲಿಯಿಂದ ಹೊಡೆದ, ಅವರು ತೀರಿಕೊಂಡರು. ಈಗ ಕೊಲೆ ಮೊಕದ್ದಮೆ ನಡೆಯುತ್ತಿದೆ. ಆತ್ಮರಕ್ಷಣೆ ಎಂದರೆ ಹೊಡೆದದ್ದನ್ನು ಒಪ್ಪಿಕೊಂಡಂತಾಗುತ್ತದೆ, ಸುಮ್ಮನಿರುವುದೇ ಲೇಸು ಎಂದು ಬಂಧುಗಳು ಹೇಳುತ್ತಿದ್ದಾರೆ. ಏನು ಮಾಡಬೇಕು?
– ಹೆಸರು ಬೇಡ

ಉತ್ತರ: ನಿಮ್ಮ ಬಂಧುಗಳ ಭಯ ಸಹಜವಾದದ್ದೇ, ಆದರೆ ಅವರ ಸಲಹೆಯನ್ನು ನಾನು ಒಪ್ಪಲಾರೆ. ಘಟನೆಯನ್ನು ಕಣ್ಣಾರೆ ಕಂಡವರು ಇದ್ದಾಗ ‘ನಾನು ಅಲ್ಲಿರಲೇ ಇಲ್ಲ’ ಎಂದು ಹೇಳಿ, ಕೊನೆಗೆ ವಾದದ ಹಂತದಲ್ಲಿ ಆತ್ಮರಕ್ಷಣೆಯ ಮಾತೆತ್ತಿದರೆ ಎರಡೂ ನಂಬಿಕೆ ಕಳೆದುಕೊಳ್ಳುತ್ತವೆ.

ಸಾಯಿಸುವ ಅಥವಾ ತೀವ್ರ ಗಾಯ ಮಾಡುವ ಹಲ್ಲೆ ಎಂದು ಸಕಾರಣವಾಗಿ ಭಯಪಡುವಂತಿದ್ದರೆ, ಹಲ್ಲೆಕೋರನ ಸಾವಿಗೆ ಕಾರಣವಾಗುವವರೆಗೂ ರಕ್ಷಣೆಯ ಹಕ್ಕು ಇರುತ್ತದೆ ಎಂದು ಭಾರತೀಯ ನ್ಯಾಯ ಸಂಹಿತೆಯ 38ನೇ ಕಲಂ ಹೇಳುತ್ತದೆ. ಆದರೆ ರಕ್ಷಣೆಗೆ ಅಗತ್ಯವಿರುವುದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ಅದು 37ನೇ ಕಲಮಿನ ಮಿತಿ. ನಿಮ್ಮ ತಮ್ಮನ ಪ್ರಕರಣ ನಿಲ್ಲುವುದೂ ಬೀಳುವುದೂ ಇಲ್ಲಿಯೇ. ಎದುರಾಳಿಯ ಕೈಯಲ್ಲಿ ಮಚ್ಚು ಇದ್ದಾಗ ಬಿದ್ದ ಏಟು ಬೇರೆ, ಮಚ್ಚು ಕೆಳಗೆ ಬಿದ್ದು ಆತ ನೆಲಕ್ಕೊರಗಿದ ಮೇಲೆ ಬಿದ್ದ ಏಟು ಬೇರೆ. ಹಾಗೆಂದು ಪ್ರಾಣಭಯದಲ್ಲಿರುವವನು ಪ್ರತಿ ಏಟನ್ನೂ ಲೆಕ್ಕ ಹಾಕಿ ಹೊಡೆಯಬೇಕೆಂದು ನಿರೀಕ್ಷಿಸಲಾಗದು ಎಂದು ಸುಪ್ರೀಂ ಕೋರ್ಟ್ 2010ರ ದರ್ಶನ್ ಸಿಂಗ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಸದುದ್ದೇಶದಿಂದಲೇ ರಕ್ಷಿಸಿಕೊಳ್ಳುತ್ತಾ, ಪೂರ್ವಯೋಜನೆಯಾಗಲಿ ಬೇಕೆಂದೇ ಹೆಚ್ಚು ಹಾನಿ ಮಾಡುವ ಉದ್ದೇಶವಾಗಲಿ ಇಲ್ಲದೆ ಮಿತಿ ಮೀರಿದ್ದರೂ, 101ನೇ ಕಲಮಿನ ಎರಡನೇ ವಿನಾಯಿತಿಯಂತೆ ಅದು ಕೊಲೆಯಲ್ಲದ ನರಹತ್ಯೆಯಾಗುತ್ತದೆ. ಶಿಕ್ಷೆ 105ನೇ ಕಲಮಿನಡಿ ಬರುತ್ತದೆ.

ಈ ವಾದವನ್ನು ಸಾಬೀತುಪಡಿಸುವ ಹೊಣೆ ಆರೋಪಿಯದೇ, ಆದರೆ ಪ್ರಾಸಿಕ್ಯೂಷನ್‌ನಂತೆ ಸಂಶಯಾತೀತವಾಗಿ ರುಜುವಾತು ಮಾಡಬೇಕಿಲ್ಲ. ಹೀಗೆಯೇ ನಡೆದಿರುವ ಸಂಭವ ಹೆಚ್ಚು ಎಂದು ತೋರಿದರೆ ಸಾಕು, ಅದನ್ನು ಎದುರು ಸಾಕ್ಷಿಗಳ ಪಾಟಿಸವಾಲಿನಲ್ಲಿಯೇ ಹೊರತರಬಹುದು. ಆರೋಪಿಯೇ ಈ ವಾದ ಎತ್ತದಿದ್ದರೂ ದಾಖಲೆಯಲ್ಲಿ ಆಧಾರವಿದ್ದರೆ ನ್ಯಾಯಾಲಯ ಪರಿಗಣಿಸಬಹುದೆಂದು ಸುಪ್ರೀಂ ಕೋರ್ಟಿನ 1967ರ ಮುನ್ಷಿ ರಾಮ್ ತೀರ್ಪು ಹೇಳಿದೆ. ಆ ಆಧಾರವನ್ನು ಒದಗಿಸದೆ ಕುಳಿತರೆ ಆ ತೀರ್ಪಿನಿಂದ ಪ್ರಯೋಜನವಿಲ್ಲ.

ಆದ್ದರಿಂದ ತಮ್ಮನ ಮುಂಗೈ ಗಾಯದ ವೈದ್ಯಕೀಯ ಪ್ರಮಾಣಪತ್ರವನ್ನು ಆಸ್ಪತ್ರೆಯಿಂದ ಕೂಡಲೇ ಪಡೆದು ವಕೀಲರಿಗೆ ಕೊಡಿ. ಅಡ್ಡ ಹಿಡಿದ ಕೈಗೆ ಬಿದ್ದ ಗಾಯವು ಮೊದಲು ಏಟು ತಿಂದವರು ಯಾರೆಂಬುದಕ್ಕೆ ಬಲವಾದ ಸಾಕ್ಷ್ಯವಾಗಬಲ್ಲದು, ಮತ್ತು ಆರೋಪಿಯ ಮೈಮೇಲಿನ ಗಂಭೀರ ಗಾಯಗಳಿಗೆ ಪ್ರಾಸಿಕ್ಯೂಷನ್ ವಿವರಣೆ ಕೊಡದಿದ್ದರೆ ಅದರ ಕಥನದ ಮೇಲೆಯೇ ಅನುಮಾನ ಮೂಡುತ್ತದೆ. ಎಷ್ಟು ಏಟು ಹೊಡೆದ, ಕೊನೆಯದು ಯಾವಾಗ ಬಿತ್ತು ಎಂಬುದನ್ನು ಅವನು ವಕೀಲರಿಗೆ ಮುಚ್ಚುಮರೆಯಿಲ್ಲದೆ ಹೇಳಲಿ. ಆರೋಪಿಯ ಹೇಳಿಕೆ ದಾಖಲಿಸುವ ದಿನ ನ್ಯಾಯಾಧೀಶರ ಮುಂದೆ ಅವನು ಕೊಡುವ ಉತ್ತರಗಳು ಅದಕ್ಕೆ ಹೊಂದಿಕೊಂಡಿರಬೇಕು.