ರಾತ್ರಿ ಹಾಲಿಗೆ ಅಶ್ವಗಂಧ ಹಾಕಿಕೊಳ್ಳಲೇ?

ಪ್ರಶ್ನೆ: ನನಗೆ 48. ಮುಟ್ಟು ನಿಂತು ಎಂಟು ತಿಂಗಳಾಯಿತು. ಹೊತ್ತುಗೊತ್ತಿಲ್ಲದೆ ಎದೆಯಿಂದ ಮುಖದವರೆಗೆ ಬಿಸಿ ಏರಿ ರವಿಕೆ ಒದ್ದೆಯಾಗುತ್ತದೆ. ರಾತ್ರಿ ಮೂರು ಸಲ ಎಚ್ಚರ. ಥೈರಾಯ್ಡ್ ಕಡಿಮೆ ಇರುವುದಕ್ಕೆ ಆರು ವರ್ಷದಿಂದ 75ರ ಮಾತ್ರೆ ತಗೊಳ್ತಿದ್ದೇನೆ. ನಾದಿನಿ ಹೇಳಿದಳೆಂದು ಎರಡು ತಿಂಗಳಿಂದ ರಾತ್ರಿ ಹಾಲಿಗೆ ಅಶ್ವಗಂಧದ ಪುಡಿ, ಬೆಳಿಗ್ಗೆ ಮಾತ್ರೆಯ ಹಿಂದೆಯೇ ಅಗಸೆ ಬೀಜದ ಪುಡಿ. ಈಗೀಗ ಎದೆ ಡವಡವ ಅನ್ನುತ್ತದೆ. ಮುಂದುವರಿಸಲೇ?
– ಹೆಸರು ಬೇಡ, ಸಿದ್ದಾಪುರ

ಉತ್ತರ: ಅಶ್ವಗಂಧವನ್ನು ಇವತ್ತೇ ನಿಲ್ಲಿಸಿ. ಅದು ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು. ನೀವು ಅದೇ ಹಾರ್ಮೋನನ್ನು ಮಾತ್ರೆಯಾಗಿ ನುಂಗುತ್ತಿದ್ದೀರಿ. ಎರಡೂ ಸೇರಿ ಹೆಚ್ಚಾದರೆ ಎದೆಬಡಿತ, ಬೆವರು, ನಿದ್ದೆಗೇಡು ಬರುತ್ತವೆ. ಮುಟ್ಟು ನಿಲ್ಲುವ ಕಾಲದ ತೊಂದರೆಯೂ ಹೀಗೇ ಇರುವುದರಿಂದ ಯಾವುದು ಯಾವುದರಿಂದ ಎಂದು ತಿಳಿಯುವುದಿಲ್ಲ. ಈ ವಾರವೇ ಥೈರಾಯ್ಡಿನ ರಕ್ತಪರೀಕ್ಷೆ (ಟಿಎಸ್‌ಎಚ್, ಟಿ4) ಮಾಡಿಸಿ. ಮಾತ್ರೆಯನ್ನು ಮಾತ್ರ ನೀವಾಗಿ ಬಿಡಬೇಡಿ. ಅಶ್ವಗಂಧದಿಂದ ಅಪರೂಪಕ್ಕೆ ಲಿವರ್‌ಗೂ ಪೆಟ್ಟಾಗುತ್ತದೆ. ಕಣ್ಣು ಹಳದಿಯಾದರೆ, ಮೂತ್ರ ಕಡು ಬಣ್ಣಕ್ಕೆ ತಿರುಗಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಮಾತ್ರೆಯ ಹಿಂದೆಯೇ ತಿಂದರೆ ಅಗಸೆ ಪುಡಿ ಅದನ್ನು ಸರಿಯಾಗಿ ಹೀರಿಕೊಳ್ಳಲು ಬಿಡದಿರಬಹುದು. ಮಧ್ಯಾಹ್ನ ಅನ್ನಕ್ಕೆ ಚಟ್ನಿಪುಡಿ ಮಾಡಿಕೊಂಡು ತಿನ್ನಿ, ಹೊಟ್ಟೆಗೆ ಒಳ್ಳೆಯದು. ಬಿಸಿಗೆ ಮದ್ದು ಅಂತ ಬೇಡ. ಅಮೆರಿಕದಲ್ಲಿ 188 ಹೆಂಗಸರಿಗೆ ಆರು ವಾರ ಕೊಟ್ಟು ನೋಡಿದರು. ಅಗಸೆ ಹಾಕಿದ ತಿಂಡಿ ತಿಂದವರಲ್ಲೂ ಅಗಸೆಯಿಲ್ಲದ ಅಂಥದೇ ತಿಂಡಿ ತಿಂದವರಲ್ಲೂ ಮೂರನೇ ಒಂದು ಪಾಲು ಜನಕ್ಕೆ ಬಿಸಿ ಅರ್ಧಕ್ಕಿಳಿದಿತ್ತು. ಹಾಗಾಗಿ ‘ನನಗೆ ಗುಣ ಕಾಣಿಸಿತು’ ಎಂದು ನಾದಿನಿ ಹೇಳಿದ್ದರೆ ಅದು ಸುಳ್ಳಲ್ಲ, ಆದರೆ ಗುಣ ಪುಡಿಯಿಂದಲೇ ಬಂತೆಂದು ಹೇಳಲಾಗದು.

ನನಗೂ 47ರಲ್ಲಿ ಶುರುವಾಯಿತು. ಒಂದು ಮಧ್ಯಾಹ್ನ ಬಸುರಿಯ ಹೊಟ್ಟೆ ನೋಡುತ್ತಿದ್ದಾಗಲೇ ಕತ್ತಿನ ಹಿಂದಿನಿಂದ ಉರಿ ಹತ್ತಿತು. ಕನ್ನಡಕ ಮಂಜಾಯಿತು, ಸಿಸ್ಟರ್ ಕೇಸ್ ಪೇಪರಿನಿಂದ ಗಾಳಿ ಬೀಸಿದಳು. ಎರಡು ನಿಮಿಷಕ್ಕೆ ಇಳಿದು, ಆಮೇಲೆ ಚಳಿ. ಆಗ ಅಮ್ಮನ ನೆನಪಾಯಿತು. ನಡುರಾತ್ರಿ ಎದ್ದು ಹೂಜಿಯಿಂದ ಲಾವಂಚದ ನೀರು ಕುಡಿದು ಜಗುಲಿಯ ತಂಪು ನೆಲದ ಮೇಲೆ ಮಲಗುತ್ತಿದ್ದಳು. ಕೇಳಿದರೆ ‘ಉಷ್ಣ’ ಅನ್ನುತ್ತಿದ್ದಳು, ಅಷ್ಟೇ. ಯಾರೂ ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲಿಲ್ಲ, ಅದು ನನಗೆ ಈಗಲೂ ನೋವು.

ಲಾವಂಚದ ನೀರು, ಒಂದೆಲಗದ ತಂಬುಳಿ ಧಾರಾಳವಾಗಿ ಇರಲಿ, ಅವು ಊಟ. ಹಲವುಮಕ್ಕಳ ತಾಯಿ ಬೇರನ್ನು, ಅದೇ ಶತಾವರಿಯನ್ನು, ದಿನಾ ಚಮಚ ಲೆಕ್ಕದಲ್ಲಿ ತಗೊಂಡರೆ ಅದು ಮದ್ದು, ಡಾಕ್ಟರಿಗೆ ಹೇಳಲೇಬೇಕು. ಅದು ಈ ಬಿಸಿಯನ್ನು ನಿಲ್ಲಿಸುತ್ತದೆ ಎನ್ನುವಷ್ಟು ಪುರಾವೆ ನಾನು ಕಂಡಿಲ್ಲ.

ರಾತ್ರಿ ಹಬೆಯಾಡುವ ಕಷಾಯ, ಸಂಜೆ ಐದರ ನಂತರದ ಚಹಾ ಬಿಡಿ. ಹತ್ತಿ ನೈಟಿ ಹಾಕಿಕೊಳ್ಳಿ. ಎಚ್ಚರವಾದಾಗ ಗಡಿಯಾರ ನೋಡಬೇಡಿ. ಥೈರಾಯ್ಡ್ ಸರಿಯಾದ ಮೇಲೂ ಬಿಸಿ ಕಾಡಿದರೆ ಮುಟ್ಟು ನಿಲ್ಲುವ ಕಾಲಕ್ಕೆ ಕೊಡುವ ಬೇರೆ ಹಾರ್ಮೋನ್ ಚಿಕಿತ್ಸೆ ಇದೆ, ಇದ್ದುದರಲ್ಲಿ ಅದೇ ಚೆನ್ನಾಗಿ ಕೆಲಸ ಮಾಡುವುದು. ಸ್ತನದ ಕ್ಯಾನ್ಸರ್ ಆದವರಿಗೆ, ಕಾಲಲ್ಲಿ ರಕ್ತ ಹೆಪ್ಪುಗಟ್ಟಿದವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಅವರಿಗೆ ಬೇರೆ ಮಾತ್ರೆಗಳುಂಟು. ಒಂದು ವರ್ಷ ಪೂರ್ತಿ ನಿಂತ ಮೇಲೆ ಮತ್ತೆ ರಕ್ತ ಕಂಡರೆ, ಒಂದೇ ಹನಿಯಾದರೂ, ಅದೇ ವಾರ ತೋರಿಸಿ.

ಟೆಸ್ಟಿಗೆ ಹೋಗುವಾಗ ಆ ಪುಡಿಯ ಡಬ್ಬಿಯನ್ನೂ ಕೈಚೀಲದಲ್ಲಿ ಹಾಕಿಕೊಳ್ಳಿ, ಡಾಕ್ಟರು ಲೇಬಲ್ ನೋಡಲಿ. ರಿಪೋರ್ಟ್ ಬಂದ ಮೇಲೆ ನನಗೆ ಇನ್ನೊಂದು ಕಾಗದ ಹಾಕಿ.