ಖಾಲಿ ವಾರ್ಡ್ ಇದ್ರೂ ಆಪರೇಷನ್ ಯಾಕೆ ಮಾಡ್ಲಿಲ್ಲ?

ದಾವಣಗೆರೆ ಕಡೆಯ ಓದುಗರೊಬ್ರು ಬರೆದಿದ್ದಾರೆ: 2020ರ ಮಾರ್ಚ್ ಕೊನೇಲಿ ತಂದೆಯ ಹರ್ನಿಯಾ ಆಪರೇಷನ್‌ಗೆ ಡೇಟ್ ಕೊಟ್ಟಿದ್ರು, ಲಾಕ್‌ಡೌನ್ ಅಂತ ವಾಪಸ್ ಕಳಿಸಿದ್ರು, ಜುಲೈಲಿ ಕರುಳು ಸಿಕ್ಕಿಹಾಕ್ಕೊಂಡು ಅರ್ಧರಾತ್ರಿ ಓಡಬೇಕಾಯ್ತು. "ವಾರ್ಡ್ ಖಾಲಿ ಹೊಡೀತಿತ್ತು ಸಾರ್, ಡಾಕ್ಟ್ರು ಹೆದರಿದ್ರಾ?"

ಹೆದರಿದ್ರು, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಲಾಕ್‌ಡೌನ್‌ಗೆ ಮೊದಲೇ ಕೇಂದ್ರ ಆರೋಗ್ಯ ಇಲಾಖೆ ತುರ್ತಲ್ಲದ, ಅಂದ್ರೆ 'ಎಲೆಕ್ಟಿವ್' ಆಪರೇಷನ್ ಮುಂದಕ್ಕೆ ಹಾಕಿ ಅಂತ ಹೇಳಿತ್ತು, ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯನ್ನೇ ಕೋವಿಡ್‌ಗೆ ಬಿಟ್ಟುಕೊಟ್ರು. ಮಂಚ ಖಾಲಿ ಇದ್ರೆ ಏನ್ಬಂತು, ಅರಿವಳಿಕೆ ಡಾಕ್ಟ್ರು, ವೆಂಟಿಲೇಟರ್, ನರ್ಸ್‌ಗಳನ್ನೆಲ್ಲ ಕೋವಿಡ್‌ಗೆ ಅಂತ ಎತ್ತಿಟ್ಟಿದ್ರು, ರಕ್ತದಾನ ಶಿಬಿರ ನಿಂತು ಬ್ಲಡ್ ಬ್ಯಾಂಕಲ್ಲೂ ಬರ.

ಥಿಯೇಟರ್ ಒಳಗಿನ ಕಥೆ ಇನ್ನೊಂದು. ಗಂಟಲಿಗೆ ಟ್ಯೂಬ್ ಇಳಿಸೋವಾಗ ರೋಗಿಯ ಉಸಿರು ಡಾಕ್ಟ್ರ ಮುಖಕ್ಕೇ ಬಡಿಯುತ್ತೆ, ಅದಕ್ಕೇ ಆದಷ್ಟೂ ಬೆನ್ನಿಗೆ ಮರಗಟ್ಟಿಸೋ ಇಂಜೆಕ್ಷನ್ ಕೊಟ್ಟು ಮುಗಿಸೋರು. ಲ್ಯಾಪರೋಸ್ಕೋಪಿಲಿ, ಅಂದ್ರೆ ಸಣ್ಣ ತೂತಿನಿಂದ ಕ್ಯಾಮೆರಾ ಇಳಿಸಿ ಮಾಡೋ ಆಪರೇಷನ್‌ನಲ್ಲಿ, ಹೊಟ್ಟೆಗೆ ತುಂಬೋ ಗ್ಯಾಸ್ ಜೊತೆ ವೈರಸ್ ಹೊರಗೆ ಬಂದ್ರೆ ಅನ್ನೋ ಭಯಕ್ಕೆ ಕೆಲವರು ಮತ್ತೆ ಹೊಟ್ಟೆ ಕೊಯ್ಯೋ ಹಳೇ ದಾರಿ ಹಿಡಿದ್ರು. ನನ್ನ ಸರ್ಜನ್ ಗೆಳೆಯ ಒಬ್ಬ ಹೇಳ್ತಿದ್ದ, ಪಿಪಿಇ ಕಿಟ್ ಒಳಗೆ ಕನ್ನಡಕಕ್ಕೆ ಆವಿ ಕಟ್ಟಿ ಸೂಜಿ ಕಾಣ್ತಿರ್ಲಿಲ್ಲ, ಒರೆಸ್ಕೊಳ್ಳೋ ಹಾಗೂ ಇಲ್ಲ, ತಲೆ ವಾಲಿಸಿ ಒಂದು ಮೂಲೆಯಿಂದ ನೋಡ್ಕೊಂಡು ಹೊಲಿಗೆ ಹಾಕ್ದೆ ಅಂತ.

ರೋಗಿಗೂ ಅಪಾಯ ಇತ್ತು. ಲ್ಯಾನ್ಸೆಟ್ ಪತ್ರಿಕೆ 2020ರ ಮೇನಲ್ಲಿ 24 ದೇಶಗಳ 1,128 ರೋಗಿಗಳ ಲೆಕ್ಕ ಕೊಟ್ಟಿತ್ತು, ಆಪರೇಷನ್ ಆಸುಪಾಸಲ್ಲಿ ಕೋವಿಡ್ ಬಂದವರಲ್ಲಿ ಹೆಚ್ಚುಕಮ್ಮಿ ನಾಲ್ಕರಲ್ಲಿ ಒಬ್ರು ತಿಂಗಳೊಳಗೆ ತೀರ್ಕೊಂಡಿದ್ರು. ಮಾರ್ಚಲ್ಲಿ ನಿಮ್ಮ ತಂದೇನ ಮನೆಗೆ ಕಳಿಸಿದ್ದು ತಪ್ಪು ಅನ್ನೋಕೆ ನಂಗೆ ಬಾಯಿ ಬರಲ್ಲ.

ತಪ್ಪಾಗಿದ್ದು ಆಮೇಲೆ. ಎಲೆಕ್ಟಿವ್ ಅಂದ್ರೆ ಬೇಡದ್ದು ಅಂತಲ್ಲ, ದಿನ ಗೊತ್ತುಮಾಡ್ಕೊಂಡು ಮಾಡೋದು ಅಷ್ಟೇ. ನಮ್ಮತ್ತೆಯ ಕಣ್ಣಿನ ಪೊರೆ ಆಪರೇಷನ್ನೂ ಐದು ತಿಂಗಳು ಎಳೀತು, ಅಕ್ಕಿ ಆರಿಸೋಕೆ ಕೂತ್ರೆ ಕಲ್ಲೇ ಉಳೀತಿತ್ತು, ಯಾರೂ ವಿಚಾರಿಸ್ಲಿಲ್ಲ. ನಿಮ್ಮ ತಂದೆಗೂ ಅಷ್ಟೇ, ಗಂಟು ಒಳಗೆ ಹೋಗ್ತಿದ್ಯಾ, ವಾಂತಿ ಆಗ್ತಿದ್ಯಾ ಅಂತ ವಾರಕ್ಕೊಂದು ಫೋನ್ ಮಾಡೋಕೆ ಯಾವ ವೆಂಟಿಲೇಟರ್ರೂ ಬೇಕಿರ್ಲಿಲ್ಲ. ನೀವು ಕಳಿಸಿರೋ ಚೀಟಿಲಿ "ಲಾಕ್‌ಡೌನ್ ಮುಗಿದ ಮೇಲೆ ಬನ್ನಿ" ಅಂತಷ್ಟೇ ಇದೆ. ಯಾವ ಲಾಕ್‌ಡೌನ್ ಸ್ವಾಮಿ? ಏಪ್ರಿಲ್ 14 ಅಂದ್ರು, ಮೇ 3 ಅಂದ್ರು, 17 ಅಂದ್ರು, 31 ಅಂದ್ರು.

ಈಗ ಇನ್ನೊಂದು ಪಕ್ಕದ ಹರ್ನಿಯಾಗೂ ಡೇಟ್ ಸಿಕ್ಕಿದೆ ಅಂತ ಬರ್ದಿದ್ದೀರಿ. ಅಕಸ್ಮಾತ್ ಮುಂದಕ್ಕೆ ಹಾಕಿದ್ರೆ ಹೊಸ ತಾರೀಖು, ಫೋನ್ ಮಾಡೋ ನಂಬರು ಎರಡನ್ನೂ ಚೀಟಿ ಮೇಲೆ ಬರೆಸ್ಕೊಂಡೇ ಮೆಟ್ಟಿಲು ಇಳೀರಿ.

– ಸಂ.